ಪರದೆಯ ಮೇಲಿನ ಗುಂಡಿಯನ್ನು ಬಿಡಿಸುವವರು ಯಾರು? ಟೂಲ್‌ಕಿಟ್ ಮತ್ತು ವಿಂಡೋ ವ್ಯವಸ್ಥೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಯಂತ್ರದಲ್ಲಿ ಕನ್ನಡ ಬಳಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಬರುತ್ತವೆ. ಒಂದು ತಂತ್ರಾಂಶದಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತದೆ, ಪಕ್ಕದ ಕಿಟಕಿಯಲ್ಲಿ ಒಡೆದು ಬೀಳುತ್ತದೆ, ಯಾಕೆ? ಒಂದರಲ್ಲಿ ಕೀಲಿಮಣೆ ಕನ್ನಡಕ್ಕೆ ತಿರುಗುತ್ತದೆ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲೇ ನಿಲ್ಲುತ್ತದೆ, ಯಾಕೆ? ಒಂದೇ ಪರದೆಯ ಮೇಲೆ ಎರಡು ತಂತ್ರಾಂಶಗಳ ಗುಂಡಿಗಳು ಎರಡು ರೀತಿ ಕಾಣುವುದು ಯಾಕೆ? ಬಗೆದು ನೋಡಿದರೆ ಮೂರೂ ಒಂದೇ ಪ್ರಶ್ನೆ. ಪರದೆಯ ಮೇಲೆ ಕಾಣುವುದರಲ್ಲಿ ಯಾವುದು ವಿಂಡೋ ವ್ಯವಸ್ಥೆಯ ಕೆಲಸ, ಯಾವುದು ಟೂಲ್‌ಕಿಟ್‌ನ ಕೆಲಸ?

ಇವೆರಡರ ನಡುವಿನ ಗಡಿ ನಲವತ್ತು ವರ್ಷಗಳಿಂದ ಒಂದೇ ದಿಕ್ಕಿಗೆ ಸರಿಯುತ್ತ ಬಂದಿದೆ. ವಿಂಡೋ ವ್ಯವಸ್ಥೆಯ ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಟೂಲ್‌ಕಿಟ್‌ನ ಕೈಗೆ ಬಂದಿವೆ. ಕನ್ನಡದಂತಹ ಲಿಪಿಗೆ ಅದರಿಂದ ಉಪಕಾರವೇ ಆಯಿತು ಎಂಬುದು ನನ್ನ ನಿಲುವು. ಆದರೆ ಅದಕ್ಕೆ ನಾವು ತೆತ್ತ ಬೆಲೆಯೂ ಇದೆ. ಕೆಳಗಿನ ಉತ್ತರಗಳಲ್ಲಿ ಎರಡನ್ನೂ ಹೇಳುತ್ತೇನೆ.

ವಿಂಡೋ ವ್ಯವಸ್ಥೆ ಎಂದರೇನು? ಟೂಲ್‌ಕಿಟ್ ಎಂದರೇನು?

ಸಂತೆಯನ್ನು ನೆನೆಸಿಕೊಳ್ಳಿ. ಯಾರಿಗೆ ಎಷ್ಟು ಜಾಗ, ಯಾರ ಅಂಗಡಿ ಮುಂದೆ, ಯಾರದು ಹಿಂದೆ ಎಂದು ಹಂಚಿಕೊಡುವವರು ಒಬ್ಬರು. ಆ ಜಾಗದಲ್ಲಿ ಚಪ್ಪರ ಹಾಕಿ, ತಕ್ಕಡಿ ಇಟ್ಟು, ಸರಕು ಜೋಡಿಸುವವರು ಇನ್ನೊಬ್ಬರು. ವಿಂಡೋ ವ್ಯವಸ್ಥೆ ಮೊದಲನೆಯವರು. ಪರದೆ ಒಂದೇ, ಅದನ್ನು ಬಯಸುವ ತಂತ್ರಾಂಶಗಳು ಹಲವು. ಅವುಗಳಿಗೆ ಆಯತಾಕಾರದ ಜಾಗ ಕೊಡುವುದು, ಒಂದರ ಮೇಲೊಂದು ಬಂದಾಗ ಯಾವುದು ಕಾಣಬೇಕೆಂದು ತೀರ್ಮಾನಿಸುವುದು, ಮೌಸ್ ಮತ್ತು ಕೀಲಿಮಣೆಯಿಂದ ಬಂದದ್ದನ್ನು ಸರಿಯಾದ ತಂತ್ರಾಂಶಕ್ಕೆ ತಲುಪಿಸುವುದು ಅದರ ಹೊಣೆ. ಲಿನಕ್ಸ್‌ನಲ್ಲಿ ಎಕ್ಸ್ ಮತ್ತು ವೇಲ್ಯಾಂಡ್ ಈ ಬಗೆಯವು.

ಟೂಲ್‌ಕಿಟ್ ಎಂಬುದು ತಂತ್ರಾಂಶದೊಳಗೇ ಕುಳಿತಿರುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಸಂಗ್ರಹ. ಗುಂಡಿ, ಮೆನು, ಪಠ್ಯ ಬರೆಯುವ ಚೌಕ, ಜಾರುಪಟ್ಟಿ ಮೊದಲಾದವುಗಳನ್ನು ಒಟ್ಟಾಗಿ ವಿಜೆಟ್ ಎನ್ನುತ್ತಾರೆ. ಅವನ್ನು ಜೋಡಿಸಿ, ಬಿಡಿಸಿ, ಒತ್ತಿದಾಗ ಸ್ಪಂದಿಸುವಂತೆ ಮಾಡುವುದು ಜಿಟಿಕೆ, ಕ್ಯೂಟಿ ಮುಂತಾದ ಟೂಲ್‌ಕಿಟ್‌ಗಳ ಕೆಲಸ.

ಹಾಗಾದರೆ ಗುಂಡಿ ಎಂದರೆ ಏನೆಂದು ವಿಂಡೋ ವ್ಯವಸ್ಥೆಗೆ ಗೊತ್ತೇ ಇಲ್ಲವೇ?

ಎಕ್ಸ್‌ಗಾಗಲಿ ವೇಲ್ಯಾಂಡ್‌ಗಾಗಲಿ ಗೊತ್ತಿಲ್ಲ, ಎಂದೂ ಗೊತ್ತಿರಲಿಲ್ಲ. ಅದು ಬೇಕೆಂದೇ ಮಾಡಿದ ಆಯ್ಕೆ.

ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅದರ ಮೂಲಪುರುಷರು. ಸ್ಟ್ಯಾನ್‌ಫರ್ಡ್‌ನಿಂದ ಬಂದ ಡಬ್ಲ್ಯು ಎಂಬ ವಿಂಡೋ ವ್ಯವಸ್ಥೆಯ ಮುಂದಿನ ಹೆಜ್ಜೆಯಾದ್ದರಿಂದ, ಇಂಗ್ಲಿಷ್ ಅಕ್ಷರಮಾಲೆಯ ಮುಂದಿನ ಅಕ್ಷರವೇ ಅದಕ್ಕೆ ಹೆಸರಾಯಿತು. ಇಂದಿಗೂ ಓಡುತ್ತಿರುವ ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರ್‌ನಲ್ಲಿ ಬಂತು. ಒದಗಿಸಬೇಕಾದದ್ದು ಸಾಧನ, ನಿಯಮವಲ್ಲ ಎಂಬುದು ಅವರು ಹಿಡಿದ ಸೂತ್ರ. ಗೆರೆ ಎಳೆಯುವ ದಾರಿ ಕೊಡುತ್ತೇವೆ, ಗುಂಡಿ ಹೇಗಿರಬೇಕು ಎಂದು ಹೇಳುವುದಿಲ್ಲ ಎಂದು ಅದರ ಅರ್ಥ.

ಹೇಳದೆ ಬಿಟ್ಟ ಜಾಗವನ್ನು ತುಂಬಲು ಸಾಲುಸಾಲಾಗಿ ಟೂಲ್‌ಕಿಟ್‌ಗಳು ಬಂದವು. ಎಂಐಟಿಯ ಅಥೀನಾ ವಿಜೆಟ್‌ಗಳು, ಸನ್ ಕಂಪನಿಯ ಓಪನ್ ಲುಕ್, ಅದಕ್ಕೆ ಎದುರಾಗಿ ನಿಂತ ಮೋಟಿಫ್. ಒಂದೇ ಪರದೆಯ ಮೇಲೆ ಮೂರು ತಂತ್ರಾಂಶ ತೆರೆದರೆ ಮೂರು ಬಗೆಯ ಜಾರುಪಟ್ಟಿ. ನೋಡಲು ಅಂದವಲ್ಲ, ನಿಜ. ಆದರೆ ಎಕ್ಸ್ ಇಷ್ಟು ದಶಕ ಬಾಳಿದ್ದಕ್ಕೆ ಈ ಮೌನವೇ ಕಾರಣವೆಂದು ನಾನು ನಂಬಿದ್ದೇನೆ. 1987ರ ಗುಂಡಿಯನ್ನು ಪ್ರೋಟೊಕಾಲ್‌ನಲ್ಲಿ (ತಂತ್ರಾಂಶ ಮತ್ತು ವಿಂಡೋ ವ್ಯವಸ್ಥೆ ಮಾತಾಡುವ ನಿಯಮಗಳಲ್ಲಿ) ಕೆತ್ತಿಟ್ಟಿದ್ದರೆ ಅದು 1997ಕ್ಕೇ ಹಳತಾಗುತ್ತಿತ್ತು.

ನಾನು ಗುಂಡಿ ಒತ್ತಿದಾಗ ನಿಜವಾಗಿ ಏನೇನು ನಡೆಯುತ್ತದೆ?

ಮೌಸ್ ಒತ್ತಿದ ಸುದ್ದಿ ಮೊದಲು ತಲುಪುವುದು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ. ಅಲ್ಲಿಂದ ಅದನ್ನು ವಿಂಡೋ ವ್ಯವಸ್ಥೆ ಎತ್ತಿಕೊಳ್ಳುತ್ತದೆ. ಆ ಕ್ಷಣ ಮೌಸ್‌ನ ಬಾಣ ಯಾವ ವಿಂಡೋ ಮೇಲಿದೆ ಎಂದು ನೋಡಿ, ಆ ತಂತ್ರಾಂಶದ ಜೊತೆಗಿರುವ ಸಾಕೆಟ್ ಎಂಬ ಸಂಪರ್ಕದ ಕೊಳವೆಗೆ ಒಂದು ಸಣ್ಣ ಸಂದೇಶ ಬರೆಯುತ್ತದೆ: ನಿನ್ನ ವಿಂಡೋದ ಎಡ ಅಂಚಿನಿಂದ ಇಷ್ಟು, ಮೇಲಿನಿಂದ ಇಷ್ಟು ದೂರದಲ್ಲಿ ಎಡ ಗುಂಡಿ ಒತ್ತಲಾಯಿತು. ಅಲ್ಲಿಗೆ ಅದರ ಕೆಲಸ ಮುಗಿಯಿತು.

ತಂತ್ರಾಂಶದ ಒಳಗೆ ಟೂಲ್‌ಕಿಟ್‌ನ ಈವೆಂಟ್ ಲೂಪ್ ಆ ಸಾಕೆಟ್ಟನ್ನೇ ಕಾಯುತ್ತ ಕುಳಿತಿರುತ್ತದೆ. ಸಂದೇಶ ಬಂದೊಡನೆ ತನ್ನ ವಿಜೆಟ್‌ಗಳ ಮರವನ್ನು ಮೇಲಿನಿಂದ ಕೆಳಗೆ ಇಳಿಯುತ್ತ ಆ ಬಿಂದು ಯಾರ ಎಲ್ಲೆಯೊಳಗಿದೆ ಎಂದು ಹುಡುಕುತ್ತದೆ. ‘ಉಳಿಸು’ ಎಂಬ ಗುಂಡಿ ಸಿಕ್ಕಿತು ಎನ್ನೋಣ. ಅದರ ಸ್ಥಿತಿಯನ್ನು ‘ಒತ್ತಲಾಗಿದೆ’ ಎಂದು ಬದಲಿಸಿ, ಈ ಭಾಗ ಹಳತಾಯಿತು ಎಂದು ಗುರುತು ಹಾಕಿಕೊಂಡು, ಮುಂದಿನ ಫ್ರೇಮ್‌ನಲ್ಲಿ ಕುಗ್ಗಿದ ಗುಂಡಿಯ ಚಿತ್ರ ಬಿಡಿಸಿ ವಿಂಡೋ ವ್ಯವಸ್ಥೆಗೆ ಒಪ್ಪಿಸುತ್ತದೆ. ಬೆರಳು ಎತ್ತಿದಾಗ ಇಷ್ಟೂ ಮತ್ತೊಮ್ಮೆ. ಬೆರಳು ಎತ್ತಿದ್ದು ಗುಂಡಿಯ ಮೇಲೆಯೇ ಆಗಿದ್ದರೆ ಮಾತ್ರ ಪ್ರೋಗ್ರಾಂ ಬರೆದವರ ಕೋಡ್ ಓಡುತ್ತದೆ. ಒತ್ತಿದ ಮೇಲೆ ಮನಸ್ಸು ಬದಲಾಗಿ ಬಾಣವನ್ನು ಪಕ್ಕಕ್ಕೆ ಎಳೆದು ಬಿಟ್ಟರೆ ಏನೂ ಆಗುವುದಿಲ್ಲವಲ್ಲ, ಆ ಸೌಜನ್ಯ ಟೂಲ್‌ಕಿಟ್‌ನದು.

ಆದ್ದರಿಂದ ಗುಂಡಿ ಒತ್ತಿದರೂ ಪರದೆ ಕದಲದಿದ್ದರೆ, ಆದರೆ ಮೌಸ್‌ನ ಬಾಣ ಸರಾಗವಾಗಿ ಓಡಾಡುತ್ತಿದ್ದರೆ, ಸಿಕ್ಕಿಕೊಂಡಿರುವುದು ತಂತ್ರಾಂಶದ ಈವೆಂಟ್ ಲೂಪ್. ಬಾಣವೇ ನಿಂತುಬಿಟ್ಟರೆ ತೊಂದರೆ ಇನ್ನೂ ಕೆಳಗಿನ ಪದರದಲ್ಲಿದೆ.

ಹಿಂದೆ ಒಂದೊಂದು ಗುಂಡಿಯೂ ಒಂದೊಂದು ವಿಂಡೋ ಆಗಿತ್ತು ಎನ್ನುತ್ತಾರೆ. ಹೌದೇ?

ಹೌದು. ಎಕ್ಸ್‌ನಲ್ಲಿ ವಿಂಡೋ ಒಳಗೆ ವಿಂಡೋ, ಅದರೊಳಗೆ ಇನ್ನೊಂದು ಎಂದು ಎಷ್ಟು ಬೇಕಾದರೂ ಇಡಬಹುದು. ಹಳೆಯ ಟೂಲ್‌ಕಿಟ್‌ಗಳು ಇದನ್ನೇ ನೆಚ್ಚಿಕೊಂಡವು. ಪ್ರತಿ ಗುಂಡಿಗೂ ಸರ್ವರ್ (ಪರದೆಯನ್ನು ನೋಡಿಕೊಳ್ಳುವ ಎಕ್ಸ್‌ನ ಪ್ರೋಗ್ರಾಂ) ಕಡೆ ಒಂದು ಪುಟ್ಟ ವಿಂಡೋ. ಬಿಂದು ಯಾವ ಗುಂಡಿಯ ಮೇಲಿದೆ ಎಂದು ಹುಡುಕುವ ಕೆಲಸವೂ ಆಗ ಸರ್ವರ್‌ನದೇ ಆಗಿತ್ತು.

ಇದನ್ನು ಕಣ್ಣಾರೆ ನೋಡಬಹುದು. ಎಕ್ಸ್‌ಕ್ಯಾಲ್ಕ್ ಎಂಬ ಹಳೆಯ ಕ್ಯಾಲ್ಕುಲೇಟರ್ ತೆರೆಯಿರಿ. ಎಕ್ಸ್‌ವಿನ್‌ಇನ್ಫೋ ಎಂಬ ಆಜ್ಞೆಗೆ ‘ಟ್ರೀ’ ಆಯ್ಕೆ ಕೊಟ್ಟು ಆ ಕ್ಯಾಲ್ಕುಲೇಟರ್ ಮೇಲೆ ಒತ್ತಿ. ಅಂಕಿಗೊಂದು, ಕೂಡುವುದಕ್ಕೊಂದು, ಕಳೆಯುವುದಕ್ಕೊಂದು ಎಂದು ವಿಂಡೋಗಳ ಉದ್ದನೆಯ ಪಟ್ಟಿ ಸುರಿಯುತ್ತದೆ. ಇಂದಿನ ಜಿಟಿಕೆ ಅಥವಾ ಕ್ಯೂಟಿ ತಂತ್ರಾಂಶದ ಮೇಲೆ ಇದನ್ನೇ ಮಾಡಿ ನೋಡಿದರೆ ಹೊರಗಿನ ಚೌಕಟ್ಟಿನ ಒಂದೆರಡು ವಿಂಡೋ ಬಿಟ್ಟರೆ ಒಳಗೆ ಹೆಚ್ಚೇನೂ ಇರುವುದಿಲ್ಲ. ಹೊಸಬರಿಗೆ ವಿಷಯ ತಿಳಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಬಿಟ್ಟದ್ದು ಯಾಕೆಂದರೆ, ಸರ್ವರ್‌ನ ವಿಂಡೋಗಳು ಗಟ್ಟಿ ಹಲಗೆಗಳಂತೆ. ಒಂದರ ಬಣ್ಣ ಇನ್ನೊಂದರ ಮೂಲಕ ತಿಳಿಯಾಗಿ ಕಾಣುವಂತೆ ಮಾಡುವುದು, ದುಂಡಗಿನ ಮೂಲೆ, ಮೆಲ್ಲನೆ ಕರಗುವ ನೆರಳು, ಇವೆಲ್ಲ ಕಷ್ಟ. ಗಾತ್ರ ಬದಲಿಸಿದಾಗ ಒಂದೊಂದು ಪುಟ್ಟ ವಿಂಡೋ ತನ್ನ ಪಾಡಿಗೆ ಬಣ್ಣ ಬಳಿದುಕೊಂಡು ಇಡೀ ಪುಟ ಮಿಣಕುತ್ತಿತ್ತು. 2008ರಲ್ಲಿ ಕ್ಯೂಟಿ 4.4 ಮತ್ತು 2009ರಲ್ಲಿ ಜಿಟಿಕೆ 2.18 ಈ ಒಳವಿಂಡೋಗಳನ್ನು ಕೈಬಿಟ್ಟು, ಲೆಕ್ಕವನ್ನೆಲ್ಲ ತಮ್ಮೊಳಗೇ ಇಟ್ಟುಕೊಂಡವು. ಬಳಕೆದಾರರು ಯಾರೂ ಗಮನಿಸದ ಬದಲಾವಣೆ ಇದು. ಆದರೆ ಮುಂದೆ ಬಂದ ವೇಲ್ಯಾಂಡ್‌ಗೆ ನೆಲ ಹದವಾದದ್ದು ಇದರಿಂದಲೇ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ತುಂಬ ಹತ್ತಿರದ ಸಂಬಂಧ. ಈ ಪುಟ ಬರೆಯಲು ಕೂತದ್ದೇ ಇದಕ್ಕಾಗಿ.

ಎಕ್ಸ್‌ನ ಮೂಲ ಪ್ರೋಟೊಕಾಲ್‌ನಲ್ಲಿ ಫಾಂಟ್‌ಗಳು ಸರ್ವರ್ ಬಳಿ ಇರುತ್ತಿದ್ದವು. ತಂತ್ರಾಂಶವು ‘ಈ ಫಾಂಟಿನ ಇಂತಿಂಥ ಸಂಖ್ಯೆಯ ಅಚ್ಚುಗಳನ್ನು ಸಾಲಾಗಿ ಇಡು’ ಎಂದು ಕೇಳಬೇಕು, ಸರ್ವರ್ ಇಡಬೇಕು. ಒಂದು ಸಂಖ್ಯೆಗೆ ಒಂದು ಅಚ್ಚು, ಅಂದರೆ ಒಂದು ಅಕ್ಷರದ ಆಕಾರ, ಒಂದರ ಬಲಕ್ಕೆ ಇನ್ನೊಂದು. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡದ ‘ಸ್ತ್ರೀ’ ಎಂಬ ಪದವನ್ನು ನೋಡಿ. ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು: ಸ, ವಿರಾಮ (ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ), ತ, ವಿರಾಮ, ರ, ಈಕಾರ. ಬರೆಯುವಾಗ ಈಕಾರ ಕೊನೆಯಲ್ಲಿ ಬಂದರೂ ಅದು ಹೋಗಿ ಸೇರುವುದು ಮೊದಲಿನ ಸಕಾರವನ್ನು. ತಕಾರದ ಮತ್ತು ರಕಾರದ ಒತ್ತುಗಳು ಆಮೇಲೆ ಕೂರುತ್ತವೆ. ‘ಸೂರ್ಯ’ದಲ್ಲಿ ಇನ್ನೊಂದು ಬಗೆ: ರಕಾರ ಯಕಾರಕ್ಕಿಂತ ಮೊದಲು ಉಚ್ಚಾರವಾಗುತ್ತದೆ, ಮೊದಲೇ ಸಂಗ್ರಹವಾಗುತ್ತದೆ, ಆದರೆ ಅರ್ಕಾವೊತ್ತಾಗಿ ಯಕಾರದ ನಂತರ ಕಾಣುತ್ತದೆ. ಹೀಗೆ ಸಂಕೇತಗಳನ್ನು ಅಕ್ಷರರೂಪಕ್ಕೆ ಕೂಡಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಎಕ್ಸ್ ಸರ್ವರ್‌ಗೆ ಆ ವಿದ್ಯೆ ಇರಲಿಲ್ಲ. ಅದನ್ನು ಪ್ರೋಟೊಕಾಲ್‌ನಲ್ಲಿ ಸೇರಿಸುವುದೆಂದರೆ ಲೋಕದ ಎಲ್ಲ ಸರ್ವರ್‌ಗಳನ್ನೂ ಬದಲಿಸುವುದು.

ವಿಂಡೋಸ್‌ನಲ್ಲೂ ಮೊದಲು ಇಂಥದೇ ಸ್ಥಿತಿ ಇತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳನ್ನು ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದರು: ಇಲ್ಲೊಂದು ಒತ್ತು, ಅಲ್ಲೊಂದು ಕೊಂಬು, ಮತ್ತೊಂದು ಕಡೆ ಅರ್ಕಾವೊತ್ತು. ಕೆಳಗಿನ ಪದರಕ್ಕೆ ಒಂದು ಸಂಖ್ಯೆಗೆ ಒಂದು ಅಚ್ಚು ಇಡುವುದಷ್ಟೇ ಗೊತ್ತಿದ್ದುದರಿಂದ, ಅಕ್ಷರ ಕೂಡಿಸುವ ಜಾಣ್ಮೆಯನ್ನೆಲ್ಲ ಕೀಲಿಮಣೆಯ ತಂತ್ರಾಂಶಕ್ಕೆ ತಂದು ತುಂಬಿದ್ದರು. ಒತ್ತುವ ಕ್ಷಣದಲ್ಲೇ ತುಂಡುಗಳು ಸರಿಯಾದ ಕ್ರಮದಲ್ಲಿ ಹೊರಬೀಳುತ್ತಿದ್ದವು. ಅಂದಿನ ಮಿತಿಯೊಳಗೆ ಅದು ದೊಡ್ಡ ಸಾಧನೆ, ಕಚೇರಿಗಳಲ್ಲಿ ಮತ್ತು ಮುದ್ರಣದಲ್ಲಿ ಕನ್ನಡ ನಡೆದದ್ದು ಅದರ ಬಲದಿಂದ. ಆದರೆ ಕಡತದಲ್ಲಿ ಉಳಿದದ್ದು ಕನ್ನಡವಲ್ಲ, ಅಚ್ಚಿನ ತುಂಡುಗಳ ಸಂಖ್ಯೆ. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು, ಫಾಂಟ್ ಬದಲಿಸಿದರೆ ಓದಲೂ ಬಾರದು.

ಬಿಡುಗಡೆ ಸಿಕ್ಕಿದ್ದು ಅಕ್ಷರ ಬಿಡಿಸುವ ಕೆಲಸ ಸರ್ವರ್‌ನಿಂದ ತಂತ್ರಾಂಶದ ಕಡೆಗೆ ಸರಿದಾಗ. ಎಕ್ಸ್‌ಗಾಗಿ ಕೀತ್ ಪ್ಯಾಕರ್ಡ್ ರೂಪಿಸಿದ ರೆಂಡರ್ ಎಂಬ ವಿಸ್ತರಣೆಯಿಂದ, ತಂತ್ರಾಂಶವೇ ಫಾಂಟ್ ತೆರೆದು, ಅಚ್ಚುಗಳ ಚಿತ್ರ ತಯಾರಿಸಿ, ಯಾವುದು ಎಲ್ಲಿ ಕೂರಬೇಕೆಂದು ತಾನೇ ಲೆಕ್ಕ ಹಾಕಿ ಸರ್ವರ್‌ಗೆ ಕೊಡಬಹುದಾಯಿತು. 2002ರಲ್ಲಿ ಜಿಟಿಕೆ 2 ಬಂದಾಗ ಪ್ಯಾಂಗೋ ಎಂಬ ಪಠ್ಯ ಲೈಬ್ರರಿಯನ್ನು ಜೊತೆಗೇ ತಂದಿತು. ಅದರ ಹೆಸರಿನಲ್ಲಿ ಒಂದು ಗ್ರೀಕ್ ಪದ, ಒಂದು ಜಪಾನಿ ಪದ ಸೇರಿವೆ: ಎಲ್ಲ ಮತ್ತು ಭಾಷೆ. ಇಂದು ಅಕ್ಷರ ಕೂಡಿಸುವ ಕೆಲಸವನ್ನು ಜಿಟಿಕೆ, ಕ್ಯೂಟಿ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಎಲ್ಲವೂ ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಗೆ ಒಪ್ಪಿಸಿವೆ. ಅದು ಪಾರಸಿ ಹೆಸರು, ತೆರೆದ ಅಕ್ಷರ ಎಂದು ಅರ್ಥ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಯೂನಿಸ್ಕ್ರೈಬ್ ಎಂಬ ಭಾಗ ಇತ್ತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಎಂಬ ಕನ್ನಡ ಫಾಂಟ್ ಬಂತು.

ಇದರ ಬೆಲೆ ಏನೆಂದರೆ, ಕೆಳಗಿನ ಪದರದಲ್ಲಿ ಒಮ್ಮೆ ಸರಿಮಾಡಿ ಎಲ್ಲರಿಗೂ ಸರಿಯಾಗುವ ಸೌಕರ್ಯ ಹೋಯಿತು. ಯಾರೋ ತಮ್ಮದೇ ಪುಟ್ಟ ಟೂಲ್‌ಕಿಟ್ ಬರೆದು, ಶೇಪಿಂಗ್ ಬಿಟ್ಟುಬಿಟ್ಟರೆ, ಅವರ ತಂತ್ರಾಂಶದಲ್ಲಿ ‘ಸ್ತ್ರೀ’ ಮತ್ತೆ ಆರು ತುಂಡಾಗುತ್ತದೆ. ಕೆಲವು ಆಟಗಳಲ್ಲಿ, ಟರ್ಮಿನಲ್‌ಗಳಲ್ಲಿ ಇಂದಿಗೂ ಇದನ್ನು ನೋಡುತ್ತೇವೆ. ಅಲ್ಲಿ ವಿಂಡೋ ವ್ಯವಸ್ಥೆಯನ್ನು ದೂರಿ ಫಲವಿಲ್ಲ. ಫಾಂಟ್ ಬದಲಿಸಿಯೂ ಫಲವಿಲ್ಲ.

ಜಿಟಿಕೆ, ಕ್ಯೂಟಿ ಎಂದು ಎರಡು ಯಾಕೆ ಬೇಕಾಯಿತು?

ಕ್ಯೂಟಿ ನಾರ್ವೆಯದು. ಹೋವರ್ ನೂರ್ ಮತ್ತು ಐರಿಕ್ ಚಾಂಬೆ-ಎಂಗ್ ಕಟ್ಟಿದ ಟ್ರೋಲ್‌ಟೆಕ್ ಕಂಪನಿ 1995ರಲ್ಲಿ ಅದನ್ನು ಹೊರತಂದಿತು. (ಕಟ್ಟಿದವರು ಅದನ್ನು ‘ಕ್ಯೂಟ್’ ಎಂದೇ ಉಚ್ಚರಿಸುತ್ತಾರೆ.) ಜಿಟಿಕೆ ಹುಟ್ಟಿದ್ದು ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ. ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆಯುತ್ತಿದ್ದರು. ಮೊದಲು ಬಳಸಿದ ಮೋಟಿಫ್ ಮುಕ್ತ ತಂತ್ರಾಂಶವಾಗಿರಲಿಲ್ಲ. ಅದನ್ನು ಬಿಟ್ಟು ತಮ್ಮದೇ ಟೂಲ್‌ಕಿಟ್ ಮಾಡಿಕೊಂಡರು. 1996ರಲ್ಲಿ ಶುರುವಾದ ಕೆಡಿಇ ಡೆಸ್ಕ್‌ಟಾಪ್ ಕ್ಯೂಟಿಯನ್ನು ಆರಿಸಿಕೊಂಡಿತು. ಆಗ ಕ್ಯೂಟಿಯ ಪರವಾನಗಿ ಪೂರ್ತಿ ಮುಕ್ತವಲ್ಲವೆಂಬ ಕಾರಣಕ್ಕೆ 1997ರಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಯೋಜನೆ ಹುಟ್ಟಿ ಜಿಟಿಕೆಯನ್ನು ಹಿಡಿಯಿತು. ಆ ಪರವಾನಗಿಯ ತಕರಾರು ಮುಗಿದು ಬಹಳ ಕಾಲವಾಗಿದೆ, ಆದರೆ ಅಷ್ಟರಲ್ಲಿ ಎರಡೂ ಮರಗಳು ಬೇರುಬಿಟ್ಟಿದ್ದವು.

ಒಂದೇ ಟೂಲ್‌ಕಿಟ್ ಬೇರೆ ಬೇರೆ ವಿಂಡೋ ವ್ಯವಸ್ಥೆಗಳ ಮೇಲೆ ಹೇಗೆ ಓಡುತ್ತದೆ?

ಒಳಗೆ ಒಂದು ತೆಳು ಪದರವಿರುತ್ತದೆ. ಜಿಟಿಕೆಯಲ್ಲಿ ಅದರ ಹೆಸರು ಜಿಡಿಕೆ. ಮೇಲಿನ ವಿಜೆಟ್‌ಗಳು ಅದರ ಜೊತೆ ಮಾತ್ರ ಮಾತಾಡುತ್ತವೆ, ಅದು ಎಕ್ಸ್, ವೇಲ್ಯಾಂಡ್, ವಿಂಡೋಸ್, ಮ್ಯಾಕ್ ಯಾವುದಿದೆಯೋ ಅದರ ಭಾಷೆಗೆ ತಿರುಗಿಸುತ್ತದೆ. ಕ್ಯೂಟಿಯಲ್ಲಿ ಇದು ಪ್ಲಾಟ್‌ಫಾರ್ಮ್ ಪ್ಲಗಿನ್. ಅದರಲ್ಲಿ ವಿಂಡೋ ವ್ಯವಸ್ಥೆಯೇ ಇಲ್ಲದೆ ನೇರವಾಗಿ ಗ್ರಾಫಿಕ್ಸ್ ಚಿಪ್ ಮೂಲಕ ಪರದೆಗೆ ಬಿಡಿಸುವ ಪ್ಲಗಿನ್ ಕೂಡ ಇದೆ. ಒಂದೇ ತಂತ್ರಾಂಶ ಓಡುವ ಯಂತ್ರದ ಪರದೆಯಲ್ಲಿ ಜಾಗ ಹಂಚಲು ಯಾರೂ ಬೇಕಾಗುವುದಿಲ್ಲ. ಟೂಲ್‌ಕಿಟ್ ಎಷ್ಟು ಸ್ವಾವಲಂಬಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೇಲ್ಯಾಂಡ್ ಬಂದು ಬದಲಾದದ್ದೇನು?

ಎಕ್ಸ್‌ನಲ್ಲಿ ತಂತ್ರಾಂಶವು ಸರ್ವರ್‌ಗೆ ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಆಯತ ತುಂಬು’ ಎಂದು ಹೇಳಬಹುದಿತ್ತು. ಟೂಲ್‌ಕಿಟ್‌ಗಳು ಎಲ್ಲವನ್ನೂ ತಾವೇ ಬಿಡಿಸತೊಡಗಿದ ಮೇಲೆ ಆ ಆಜ್ಞೆಗಳನ್ನು ಕೇಳುವವರಿಲ್ಲವಾದರು. ಇನ್ನೊಂದು ಕಡೆ, ಎಲ್ಲ ವಿಂಡೋಗಳ ಚಿತ್ರ ಸೇರಿಸಿ ಒಂದು ದೃಶ್ಯ ಮಾಡುವ ಕೆಲಸವನ್ನು ಕಂಪೋಸಿಟರ್ ಎಂಬ ಬೇರೆ ಪ್ರೋಗ್ರಾಂ ವಹಿಸಿಕೊಂಡಿತ್ತು. ನಡುವೆ ನಿಂತ ಎಕ್ಸ್ ಸರ್ವರ್ ಎರಡೂ ಕಡೆಯ ಮಾತನ್ನು ದಾಟಿಸುವ ಮಧ್ಯವರ್ತಿಯಾಗಿ ಉಳಿಯಿತು. ಆ ಮಧ್ಯವರ್ತಿ ಬೇಡ ಎಂದು ಕ್ರಿಸ್ಟಿಯನ್ ಹ್ಯೋಗ್ಸ್‌ಬರ್ಗ್ 2008ರಲ್ಲಿ ವೇಲ್ಯಾಂಡ್ ಶುರುಮಾಡಿದರು. 2012ರಲ್ಲಿ 1.0 ಆವೃತ್ತಿ ಬಂತು. 2016ರ ಕೊನೆಗೆ ಫೆಡೋರಾ 25 ಎಂಬ ಲಿನಕ್ಸ್ ಆವೃತ್ತಿ ಅದನ್ನೇ ಮೊದಲ ಆಯ್ಕೆ ಮಾಡಿತು.

ವೇಲ್ಯಾಂಡ್‌ನಲ್ಲಿ ಗೆರೆ ಎಳೆಯುವ ಆಜ್ಞೆಯೇ ಇಲ್ಲ. ಟೂಲ್‌ಕಿಟ್ ಇಡೀ ವಿಂಡೋದ ಚಿತ್ರವನ್ನು ಹಂಚಿಕೊಂಡ ಮೆಮೊರಿಯಲ್ಲಿ ಸಿದ್ಧಮಾಡಿ ‘ತಗೋ, ಇದು ಹೊಸದು’ ಎಂದು ಒಪ್ಪಿಸುತ್ತದೆ. ಕಂಪೋಸಿಟರ್ ಅದನ್ನು ತೋರಿಸುತ್ತದೆ. ಅರ್ಧ ಬಿಡಿಸಿದ ಚಿತ್ರ ಪರದೆಗೆ ಬರುವುದಿಲ್ಲ. ಹಳೆಯ ಎಕ್ಸ್‌ನಲ್ಲಿ ಸಿಕ್ಕಿಕೊಂಡ ತಂತ್ರಾಂಶದ ಮೇಲೆ ಇನ್ನೊಂದು ವಿಂಡೋ ಎಳೆದಾಡಿದರೆ ಅದರ ಗುರುತು ಉಳಿದುಬಿಡುತ್ತಿತ್ತು. ಮುಚ್ಚಿದ ಭಾಗದ ಚಿತ್ರವನ್ನು ಸರ್ವರ್ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಿರಲಿಲ್ಲ, ಮತ್ತೆ ಬಿಡಿಸು ಎಂದು ತಂತ್ರಾಂಶವನ್ನೇ ಕೇಳುತ್ತಿತ್ತು.

ಭದ್ರತೆಯ ವ್ಯತ್ಯಾಸ ನನಗೆ ಇನ್ನೂ ಮುಖ್ಯ. ಎಕ್ಸ್‌ನಲ್ಲಿ ಯಾವ ತಂತ್ರಾಂಶ ಬೇಕಾದರೂ ಇನ್ನೊಂದರಲ್ಲಿ ನೀವು ಒತ್ತಿದ ಕೀಲಿಗಳನ್ನು ಕದ್ದು ಕೇಳಬಹುದು, ಪರದೆಯ ಚಿತ್ರ ತೆಗೆಯಬಹುದು. ವೇಲ್ಯಾಂಡ್‌ನಲ್ಲಿ ಒಂದು ತಂತ್ರಾಂಶಕ್ಕೆ ಇನ್ನೊಂದು ಇರುವುದೇ ಕಾಣುವುದಿಲ್ಲ. ಪರದೆ ಹಂಚಿಕೊಳ್ಳಲು ನಿಮ್ಮ ಒಪ್ಪಿಗೆ ಕೇಳುವ ದಾರಿಯಲ್ಲೇ ಬರಬೇಕು. ಮೊದಲ ವರ್ಷಗಳಲ್ಲಿ ಇದರಿಂದ ತೊಂದರೆ ಆದದ್ದು ನಿಜ. ಆದರೂ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ಈ ಗೋಡೆ ಬೇಕೇ ಬೇಕು.

ಮೆನು ತೆರೆಯುವಂಥ ಸಣ್ಣ ವಿಷಯಕ್ಕೂ ವಿಂಡೋ ವ್ಯವಸ್ಥೆ ಬೇಕೇ?

ಬೇಕು, ಮತ್ತು ಇಲ್ಲೇ ಎರಡೂ ಪದರಗಳು ಅತಿ ಹೆಚ್ಚು ತಿಕ್ಕಾಡುತ್ತವೆ. ಮೆನು ವಿಂಡೋದ ಅಂಚು ದಾಟಿ ಹೊರಗೆ ಚಾಚಬೇಕು, ಆದ್ದರಿಂದ ಅದಕ್ಕೆ ಬೇರೆಯೇ ವಿಂಡೋ ಬೇಕು. ಹೊರಗೆಲ್ಲೋ ಒತ್ತಿದರೆ ಮುಚ್ಚಬೇಕು, ಆದ್ದರಿಂದ ಹೊರಗಿನ ಒತ್ತುವಿಕೆಯೂ ತಿಳಿಯಬೇಕು. ಎಕ್ಸ್‌ನಲ್ಲಿ ಟೂಲ್‌ಕಿಟ್ ಇದಕ್ಕಾಗಿ ಮೌಸ್ ಮತ್ತು ಕೀಲಿಮಣೆಯನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಅದರ ಪರಿಣಾಮ ವಿಚಿತ್ರ: ಮೆನು ತೆರೆದಿಟ್ಟು ಎದ್ದು ಹೋದರೆ ಪರದೆಗೆ ಬೀಗ ಬೀಳುತ್ತಿರಲಿಲ್ಲ. ಬೀಗ ಹಾಕುವ ಪ್ರೋಗ್ರಾಂ ಕೂಡ ಅದೇ ಮೌಸ್ ಮತ್ತು ಕೀಲಿಮಣೆಯನ್ನು ಕೇಳುತ್ತಿತ್ತು, ಅವು ಮೆನುವಿನ ಹಿಡಿತದಲ್ಲಿರುತ್ತಿದ್ದವು.

ವೇಲ್ಯಾಂಡ್‌ನಲ್ಲಿ ತಂತ್ರಾಂಶಕ್ಕೆ ತಾನು ಪರದೆಯ ಯಾವ ಮೂಲೆಯಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ. ಹಾಗಾಗಿ ಟೂಲ್‌ಕಿಟ್ ಕೋರಿಕೆ ಸಲ್ಲಿಸುತ್ತದೆ: ಈ ಗುಂಡಿಯ ಕೆಳಗೆ ತೆರೆ, ಜಾಗ ಸಾಲದಿದ್ದರೆ ಮೇಲಕ್ಕೆ ತಿರುಗಿಸು, ಅದೂ ಆಗದಿದ್ದರೆ ಪಕ್ಕಕ್ಕೆ ಸರಿಸು. ಜಾಗ ನೋಡಿ ತೀರ್ಮಾನಿಸುವುದು ಕಂಪೋಸಿಟರ್. ಹಳೆಯ ತಂತ್ರಾಂಶಗಳು ‘ಕಳೆದ ಸಲ ಇದ್ದ ಜಾಗದಲ್ಲೇ ತೆರೆಯುತ್ತೇನೆ’ ಎಂದರೆ ವೇಲ್ಯಾಂಡ್‌ನಲ್ಲಿ ನಡೆಯದಿರುವುದಕ್ಕೂ ಇದೇ ಕಾರಣ.

ವಿಂಡೋದ ತಲೆಪಟ್ಟಿಯನ್ನು ಬಿಡಿಸುವವರು ಯಾರು?

ಎಕ್ಸ್‌ನಲ್ಲಿ ವಾಡಿಕೆಯಂತೆ ವಿಂಡೋ ಮ್ಯಾನೇಜರ್ ಎಂಬ ಬೇರೆ ಪ್ರೋಗ್ರಾಂ. ಈಗ ಮತಭೇದವಿದೆ. 2013ರ ಗ್ನೋಮ್ 3.10ರಿಂದ ಜಿಟಿಕೆ ತಂತ್ರಾಂಶಗಳು ತಲೆಪಟ್ಟಿಯನ್ನೂ ತಾವೇ ಬಿಡಿಸಿ ಅದರಲ್ಲಿ ಗುಂಡಿಗಳನ್ನು ಇಡುತ್ತವೆ. ಕೆಡಿಇ ಅದನ್ನು ಕಂಪೋಸಿಟರ್ ಬಿಡಿಸಬೇಕು ಎನ್ನುತ್ತದೆ, ಎಲ್ಲ ವಿಂಡೋಗಳೂ ಒಂದೇ ರೀತಿ ಕಾಣಬೇಕೆಂಬುದು ಅವರ ವಾದ. ಈ ಒಂದು ವಿಷಯದಲ್ಲಿ ನಾನು ಕೆಡಿಇ ಕಡೆ. ತಂತ್ರಾಂಶ ಸಿಕ್ಕಿಕೊಂಡಾಗ ಮುಚ್ಚುವ ಗುಂಡಿಯೂ ಅದರೊಂದಿಗೆ ಸಿಕ್ಕಿಕೊಳ್ಳಬಾರದು.

ವಿಂಡೋಸ್, ಮ್ಯಾಕ್‌ಗಳಲ್ಲಿ ಈ ವಿಭಜನೆ ಇದೆಯೇ?

ಇದೆ, ಆದರೆ ಗೆರೆ ಬೇರೆ ಕಡೆ. ವಿಂಡೋಸ್‌ನಲ್ಲಿ ವಿಂಡೋ ಹಂಚುವ ಭಾಗವೇ ಗುಂಡಿ, ಪಠ್ಯಚೌಕ ಮೊದಲಾದವನ್ನೂ ಕೊಡುತ್ತಿತ್ತು, ಮತ್ತು ಅವು ಒಂದೊಂದೂ ನಿಜವಾದ ವಿಂಡೋ ಆಗಿದ್ದವು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಡಬ್ಲ್ಯುಪಿಎಫ್ ಎಂಬ ಟೂಲ್‌ಕಿಟ್ ಮುಖ್ಯ ವಿಂಡೋಗೆ ಒಂದನ್ನೇ ಪಡೆದು ಒಳಗಿನದನ್ನೆಲ್ಲ ತಾನೇ ಬಿಡಿಸಿತು. ಅಲ್ಲೂ ಗಡಿ ಸರಿದದ್ದು ಅದೇ ದಿಕ್ಕಿಗೆ. ಮ್ಯಾಕ್‌ನಲ್ಲಿ ವಿಂಡೋ ಸರ್ವರ್ ಬೇರೆ, ನೆಕ್ಸ್ಟ್‌ಸ್ಟೆಪ್ ಎಂಬ ಹಳೆಯ ವ್ಯವಸ್ಥೆಯಿಂದ ಬಂದ ಆ್ಯಪ್‌ಕಿಟ್ ಎಂಬ ಟೂಲ್‌ಕಿಟ್ ಬೇರೆ. ಎರಡೂ ಒಂದೇ ಮನೆಯವು, ಆದ್ದರಿಂದ ಹೊರಗಿನವರಿಗೆ ಗೆರೆ ಕಾಣುವುದಿಲ್ಲ.

ಈ ಎರಡೂ ಕಡೆ ‘ಇದು ಈ ಯಂತ್ರದ ಸ್ವಂತ ಗುಂಡಿ’ ಎಂದು ಹೇಳುವ ಅರ್ಥವಿದೆ. ಡಬ್ಲ್ಯುಎಕ್ಸ್‌ವಿಜೆಟ್ಸ್, ಎಸ್‌ಡಬ್ಲ್ಯುಟಿ ಎಂಬ ಟೂಲ್‌ಕಿಟ್‌ಗಳು ಅಂಥ ಸ್ವಂತ ಗುಂಡಿಗಳನ್ನೇ ಕರೆದು ಬಳಸುತ್ತವೆ. ಜಾವಾದ ಸ್ವಿಂಗ್, ಇಂದಿನ ಫ್ಲಟರ್ ಎಲ್ಲವನ್ನೂ ತಾವೇ ಬಿಡಿಸುತ್ತವೆ. ಲಿನಕ್ಸ್‌ನಲ್ಲಿ ಸ್ವಂತ ಗುಂಡಿ ಎಂಬುದೇ ಇಲ್ಲ.

ಎಲ್ಲವೂ ಪಿಕ್ಸೆಲ್‌ಗಳೇ ಆದರೆ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಗುಂಡಿ ಹೇಗೆ ತಿಳಿಯುತ್ತದೆ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ವಿಂಡೋ ವ್ಯವಸ್ಥೆಯ ಮೂಲಕ ತಿಳಿಯುವುದಿಲ್ಲ, ಅದರ ಬಳಿ ಇರುವುದು ಚಿತ್ರ ಮಾತ್ರ. ಲಿನಕ್ಸ್‌ನಲ್ಲಿ ಟೂಲ್‌ಕಿಟ್ ಬೇರೊಂದು ದಾರಿಯಿಂದ, ಎಟಿ-ಎಸ್‌ಪಿಐ ಎಂಬ ವ್ಯವಸ್ಥೆಯಿಂದ, ‘ಇಲ್ಲೊಂದು ಗುಂಡಿ ಇದೆ, ಹೆಸರು ಉಳಿಸು, ಈಗ ಒತ್ತಬಹುದು’ ಎಂದು ಸಾರುತ್ತದೆ. ಓರ್ಕಾ ಎಂಬ ಸ್ಕ್ರೀನ್ ರೀಡರ್ ಅದನ್ನು ಕೇಳಿ ಓದಿ ಹೇಳುತ್ತದೆ. ಪಠ್ಯವನ್ನು ಮಾತಾಗಿಸುವ ಇ-ಸ್ಪೀಕ್ ತಂತ್ರಾಂಶದಲ್ಲಿ ಕನ್ನಡವೂ ಇದೆ. ಹೀಗಿರುವಾಗ ಅಂದಕ್ಕೆಂದು ಸ್ವಂತ ವಿಜೆಟ್ ಬಿಡಿಸಿ ಈ ಸಾರುವಿಕೆಯನ್ನು ಬಿಟ್ಟವರ ತಂತ್ರಾಂಶ, ಕಣ್ಣು ಕಾಣದವರ ಪಾಲಿಗೆ ಖಾಲಿ ಗೋಡೆ. ಟೂಲ್‌ಕಿಟ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನು ಮತ್ತು ಶೇಪಿಂಗನ್ನು. ಬಣ್ಣ, ಅನಿಮೇಷನ್‌ಗಳೆಲ್ಲ ಆಮೇಲೆ.

ನನ್ನ ತಂತ್ರಾಂಶ ಎಕ್ಸ್ ಮೇಲಿದೆಯೋ ವೇಲ್ಯಾಂಡ್ ಮೇಲಿದೆಯೋ ತಿಳಿಯುವುದು ಹೇಗೆ?

ವೇಲ್ಯಾಂಡ್‌ಗೆ ಬದಲಾಗದ ತಂತ್ರಾಂಶಗಳು ಎಕ್ಸ್‌ವೇಲ್ಯಾಂಡ್ ಎಂಬ ಒಳಗಿನ ಎಕ್ಸ್ ಸರ್ವರ್ ಮೇಲೆ ಓಡುತ್ತವೆ. ಪತ್ತೆಗೆ ಎಕ್ಸ್‌ಐಸ್ ಎಂಬ ಪುಟ್ಟ ಪ್ರೋಗ್ರಾಂ ಸಾಕು. ಎರಡು ಕಣ್ಣುಗಳು ಮೌಸ್‌ನ ಬಾಣವನ್ನು ನೋಡುತ್ತಿರುತ್ತವೆ. ಬಾಣವನ್ನು ನಿಮ್ಮ ತಂತ್ರಾಂಶದ ಮೇಲೆ ಆಡಿಸಿ. ಕಣ್ಣು ಹಿಂಬಾಲಿಸಿದರೆ ಅದು ಎಕ್ಸ್ ತಂತ್ರಾಂಶ. ಕಣ್ಣು ನಿಂತರೆ ವೇಲ್ಯಾಂಡ್, ಏಕೆಂದರೆ ಅಲ್ಲಿ ಬಾಣ ಎಲ್ಲಿದೆ ಎಂದು ಎಕ್ಸ್‌ಐಸ್‌ಗೆ ಯಾರೂ ಹೇಳುವುದಿಲ್ಲ.

ಒಂದು ತಂತ್ರಾಂಶದಲ್ಲಿ ಕನ್ನಡ ಟೈಪ್ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ದೂರನ್ನು ಯಾರಿಗೆ ಕೊಡಲಿ?

ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಬರೆಯುವ ಲಿಪ್ಯಂತರ ಪದ್ಧತಿಯಲ್ಲಿ ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ‘ಕ್’ ಬರುತ್ತದೆ, ಮುಂದೆ ‘ಎ’ ಒತ್ತಿದರೆ ಅದೇ ಅಕ್ಷರ ‘ಕ’ ಆಗಬೇಕು. ಅಂದರೆ ಬರೆದದ್ದು ಇನ್ನೂ ಹಸಿಯಾಗಿದೆ, ಬದಲಾಗಬಹುದು ಎಂದು ಪಠ್ಯಚೌಕಕ್ಕೆ ತಿಳಿದಿರಬೇಕು. ಹೀಗೆ ಕೀಲಿಗಳನ್ನು ಕನ್ನಡವಾಗಿಸುವುದು ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಇನ್‌ಪುಟ್ ವ್ಯವಸ್ಥೆ, ಆದರೆ ಹಸಿ ಅಕ್ಷರವನ್ನು ಅಡಿಗೆರೆ ಹಾಕಿ ತೋರಿಸುವುದು ಟೂಲ್‌ಕಿಟ್. ಎಕ್ಸ್ ಕಾಲದಲ್ಲಿ ಇವೆರಡು ನೇರವಾಗಿ ಮಾತಾಡುತ್ತಿದ್ದವು, ಅದಕ್ಕಾಗಿ ಜಿಟಿಕೆಗೆ ಒಂದು, ಕ್ಯೂಟಿಗೆ ಒಂದು ಮಾಡ್ಯೂಲ್ ಹೊಂದಿಸಬೇಕಿತ್ತು. ವೇಲ್ಯಾಂಡ್‌ನಲ್ಲಿ ಕಂಪೋಸಿಟರ್ ಮೂಲಕವೇ ಮಾತಾಡಲು ಟೆಕ್ಸ್ಟ್ ಇನ್‌ಪುಟ್ ಎಂಬ ಪ್ರೋಟೊಕಾಲ್ ಇದೆ. ಗ್ನೋಮ್‌ನಲ್ಲಿ ಐಬಸ್ ಡೆಸ್ಕ್‌ಟಾಪಿನೊಳಗೇ ಸೇರಿದೆ. ಕೆಡಿಇಯಲ್ಲಿ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಆರಿಸಬೇಕು, ಹೆಸರು ನೋಡಿ ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಹೀಗೆ ಪರೀಕ್ಷಿಸಿ. ಮೊದಲು ಜಿಟಿಕೆಯ ಒಂದು ಪಠ್ಯ ಸಂಪಾದಕದಲ್ಲಿ, ಆಮೇಲೆ ಕ್ಯೂಟಿಯ ಕೇಟ್‌ನಲ್ಲಿ, ಕೊನೆಗೆ ಬ್ರೌಸರ್‌ನಲ್ಲಿ ‘ಸ್ತ್ರೀ’ ಮತ್ತು ‘ಸೂರ್ಯ’ ಬರೆಯಿರಿ. ಮೂರರಲ್ಲೂ ಕನ್ನಡವೇ ಬರದಿದ್ದರೆ ತೊಂದರೆ ಐಬಸ್‌ನ ಅಥವಾ ಡೆಸ್ಕ್‌ಟಾಪಿನ ಹೊಂದಾಣಿಕೆಯಲ್ಲಿದೆ. ಒಂದರಲ್ಲಿ ಮಾತ್ರ ಬರದಿದ್ದರೆ ಅದರ ಟೂಲ್‌ಕಿಟ್‌ನಲ್ಲಿ. ಕ್ರೋಮ್‌ನ ಮೂಲವಾದ ಕ್ರೋಮಿಯಂ ಆಧರಿಸಿದ ತಂತ್ರಾಂಶಗಳಲ್ಲಿ ವೇಲ್ಯಾಂಡ್ ಮೇಲೆ ಬಹಳ ಕಾಲ ಇದಕ್ಕೆ ಪ್ರತ್ಯೇಕ ಸ್ವಿಚ್ ಕೊಡಬೇಕಿತ್ತು. ಕನ್ನಡ ಬಂದು ಒತ್ತು ಮಾತ್ರ ಒಡೆದರೆ ಅದು ಶೇಪಿಂಗ್ ದೋಷ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದರೂ ಒಡೆಯುತ್ತದೆಯೇ ನೋಡಿದರೆ ಖಚಿತವಾಗುತ್ತದೆ.

ದೂರು ಬರೆಯುವಾಗ ಟೂಲ್‌ಕಿಟ್‌ನ ಹೆಸರು ಮತ್ತು ಆವೃತ್ತಿ, ಎಕ್ಸ್ ಅಥವಾ ವೇಲ್ಯಾಂಡ್, ಬಳಸಿದ ಕೀಲಿವಿನ್ಯಾಸ, ಒಡೆದ ಪದ, ಅದು ಹೇಗಿರಬೇಕಿತ್ತು ಎಂಬ ಚಿತ್ರ, ಇಷ್ಟನ್ನೂ ಸೇರಿಸಿ. ಅದನ್ನು ಓದಿ ಸರಿಪಡಿಸುವವರಿಗೆ ಕನ್ನಡ ಬಾರದಿರಬಹುದು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಎಲ್ಲಿ ಕೂರಬೇಕು ಎಂದು ಬಲ್ಲವರು ನೀವು.